ಬ್ರಹ್ಮವಿದ್ಯಾ ಸಮಾಜ: ಅದರ ಚರಿತ್ರೆ, ಅದರ ಧ್ಯೇಯ, ನಮಗೆ ಅದರ ಪಾಠ

(ಬೆಂಗಳೂರಿನ ಪಶ್ಚಿಮಭಾಗದ ವಿಜಯನಗರದಲ್ಲಿ ನೆರೆದ ವಾಚಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಸಂಜೆ ನಾವು ನಿಮ್ಮ ಮುಂದೆ ಪರ್ಯಾಲೋಚಿಸಬೇಕೆಂದಿರುವ ವಿಷಯವು ಬ್ರಹ್ಮವಿದ್ಯಾ ಸಮಾಜ. ಥಿಯಾಸಫಿಕಲ್ ಸೊಸೈಟಿ ಎಂದು ಲೋಕವೆಲ್ಲ ಕರೆಯುವ ಈ ಸಂಸ್ಥೆಯ ಹೆಸರನ್ನು ಕೇಳದವರು ನಿಮ್ಮಲ್ಲಿ ವಿರಳ. ಅದು ಏತಕ್ಕಾಗಿ ಹುಟ್ಟಿತು, ಏನನ್ನು ಸಾಧಿಸಿತು, ಎಲ್ಲಿ ಎಡವಿತು ಎಂಬುದನ್ನು ವಿಚಾರಿಸಿ ನೋಡಿದವರು ಮಾತ್ರ ಇನ್ನೂ ವಿರಳ.

ಈ ವಿಚಾರವನ್ನು ಈ ಬಡಾವಣೆಯಲ್ಲಿ ಎತ್ತುವುದಕ್ಕೆ ಕಾರಣವುಂಟು. ಕೆಂಗೇರಿ ಹಳೆಯ ಊರು. ಅದನ್ನೂ ಅಲ್ಲಲ್ಲಿಯ ಕೆಲವು ಹಳ್ಳಿಗಳನ್ನೂ ಬಿಟ್ಟರೆ, ಬೆಂಗಳೂರಿನ ಈ ಪಡುವಣ ಭಾಗವೆಲ್ಲ ಸ್ವಾತಂತ್ರ್ಯಾನಂತರ ತುಂಬಿಕೊಂಡುದು. ರಾಜಾಜಿನಗರಕ್ಕೆ 1949ರಲ್ಲಿ ಅಸ್ತಿಭಾರ ಬಿದ್ದಿತು. ವಿಜಯನಗರ, ಬಸವೇಶ್ವರನಗರಗಳು ತರುವಾಯ ಬೆಳೆದುವು. ನಾನಾ ಜಿಲ್ಲೆಗಳಿಂದ ಉದ್ಯೋಗವನ್ನರಸಿ ಬಂದವರು ಇಲ್ಲಿ ಮನೆ ಕಟ್ಟಿದರು. ಊರದೇವರ ಗುಡಿಯನ್ನೂ ಹಿರಿಯರ ಸಮಾಧಿಯನ್ನೂ ಅವರು ಹಿಂದೆ ಬಿಟ್ಟುಬಂದವರು. ಅಂಥವರಿಗೆ ಸತ್ಸಂಗ ಬೇಕು. ಮನೆಯಲ್ಲಿ ಸಾವು ಸಂಭವಿಸಿದಾಗ ಸಮಾಧಾನ ಬೇಕು. ಆದುದರಿಂದಲೇ ಇಂದು ಬೀದಿಗೊಂದು ಮಂಡಲಿಯುಂಟು. ಭಜನೆಯ ಮಂಡಲಿಯುಂಟು, ಧ್ಯಾನದ ಮಂಡಲಿಯುಂಟು. ಗತಿಸಿದವರ ವಾರ್ತೆಯನ್ನು ತಂದುಕೊಡುವೆವೆಂದು ಹೇಳಿಕೊಳ್ಳುವವರೂ ಉಂಟು. ಇವುಗಳಲ್ಲಿ ಒಳ್ಳೆಯವು ಅನೇಕವಿರಬಹುದು. ಆದರೆ ಒಳ್ಳೆಯದು ಯಾವುದು, ಕೆಟ್ಟುದು ಯಾವುದು ಎಂದು ತಿಳಿಯುವ ಬಗೆ ಹೇಗೆ? ಸಂತೆಯಲ್ಲಿ ಒಂದು ಮಡಕೆಯನ್ನು ಕೊಳ್ಳುವಾಗಲೂ ನಮ್ಮ ಜನ ತಟ್ಟಿ ನೋಡುತ್ತಾರೆ. ಆತ್ಮದ ವ್ಯಾಪಾರದಲ್ಲಿ ಮಾತ್ರ ತಟ್ಟಿ ನೋಡುವುದು ಪಾಪವೆಂದು ಭಾವಿಸುತ್ತಾರೆ. ವಕೀಲವೃತ್ತಿಯವರಾದ ನಮಗೆ ಇದು ಸರಿದೋರದು. ಸಾಕ್ಷ್ಯವು ಹೇರಳವಾಗಿ ದೊರೆಯುವ ಒಂದು ಸಂಸ್ಥೆಯನ್ನು ತೆಗೆದುಕೊಂಡು, ತಟ್ಟಿ ನೋಡುವ ಕ್ರಮವನ್ನು ಕಲಿಯೋಣ.

ಹುಟ್ಟು

ಈ ಸಮಾಜದ ಬೇರು ಅಮೆರಿಕದ ಪ್ರೇತವಾದದಲ್ಲಿದೆ. 1848ರ ಮಾರ್ಚ್ 31ರ ರಾತ್ರಿ, ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಕುಗ್ರಾಮದಲ್ಲಿ, ಫಾಕ್ಸ್ ಎಂಬ ಮನೆತನದ ಇಬ್ಬರು ಹುಡುಗಿಯರು ಗೋಡೆಯಲ್ಲಿ ಕೇಳಿಬಂದ ತಟ್ಟುವ ಸದ್ದಿನ ಮೂಲಕ ಸತ್ತವನೊಬ್ಬನ ಆತ್ಮದೊಡನೆ ಮಾತನಾಡಿದೆವೆಂದು ಸಾರಿದರು. ಸುದ್ದಿಯು ಕಾಳ್ಗಿಚ್ಚಿನಂತೆ ಹಬ್ಬಿತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆ ದೇಶದ ಆರು ಲಕ್ಷಕ್ಕೂ ಮಿಕ್ಕ ಯೋಧರು ಮಡಿದರು. ಮಗನನ್ನು ಕಳೆದುಕೊಂಡ ತಾಯಿಯು ಕತ್ತಲೆಕೋಣೆಯಲ್ಲಿ ಮೇಜಿನ ಸುತ್ತ ಕುಳಿತು ಅವನ ಧ್ವನಿಗಾಗಿ ಕಿವಿಗೊಟ್ಟಳೆಂದರೆ ಯಾರು ತಾನೇ ನಗಬಲ್ಲರು? ದುಃಖವೇ ಈ ಮತಕ್ಕೆ ತಳಹದಿ. ಇಂಗ್ಲೆಂಡಿಗೂ ಅದು ಹರಡಿತು. ಅಲ್ಲಿಯ ಪ್ರೇತವಾದಿಗಳು 1901ರಲ್ಲಿ ತಮ್ಮದೊಂದು ರಾಷ್ಟ್ರೀಯ ಒಕ್ಕೂಟವನ್ನು ಕಾಯಿದೆಬದ್ಧವಾಗಿ ನೋಂದಾಯಿಸಿಕೊಂಡರು. ಈ ನಡುವೆ, 1888ರಲ್ಲಿ, ಆ ಫಾಕ್ಸ್ ಸೋದರಿಯರಲ್ಲಿ ಒಬ್ಬಳು ನ್ಯೂಯಾರ್ಕಿನ ತುಂಬಿದ ಸಭೆಯಲ್ಲಿ ನಿಂತು, ಆ ಸದ್ದು ತಮ್ಮ ಕಾಲ್ಬೆರಳಿನ ಗೆಣ್ಣುಗಳದೆಂದು ಒಪ್ಪಿಕೊಂಡಳು. ಮರುವರ್ಷವೇ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳು. ಇಂಥ ಸಾಕ್ಷಿಗೆ ಯಾವ ನ್ಯಾಯಾಧೀಶನು ಬೆಲೆ ಕೊಡುವನು?

1874ರಲ್ಲಿ ಕರ್ನಲ್ ಹೆನ್ರಿ ಸ್ಟೀಲ್ ಆಲ್ಕಾಟ್ ಎಂಬವರು ವರ್ಮಾಂಟ್ ಸಂಸ್ಥಾನದ ಒಂದು ಹೊಲಮನೆಗೆ ಹೋದರು. ಅಲ್ಲಿ ಪ್ರೇತಗಳು ಕಾಣಿಸಿಕೊಳ್ಳುತ್ತವೆಂಬ ಸುದ್ದಿಯಿದ್ದು, ಅದನ್ನು ನೋಡಿ ಪತ್ರಿಕೆಗೆ ಬರೆಯುವುದು ಅವರ ಉದ್ದೇಶ. ವೃತ್ತಿಯಿಂದ ಅವರೂ ವಕೀಲರೇ. ರಷ್ಯಾ ದೇಶದ ಹೆಲೆನಾ ಬ್ಲಾವಟ್‌ಸ್ಕಿ ಎಂಬಾಕೆಯ ಪರಿಚಯವು ಅವರಿಗೆ ಆದುದು ಅಲ್ಲಿಯೇ. 1875ರ ನವೆಂಬರ್ 17ರಂದು ನ್ಯೂಯಾರ್ಕಿನಲ್ಲಿ ಆಲ್ಕಾಟರ ಅಧ್ಯಕ್ಷತೆಯಲ್ಲಿ ಬ್ರಹ್ಮವಿದ್ಯಾ ಸಮಾಜವು ಉದ್ಘಾಟನೆಗೊಂಡಿತು. 1879ರ ಫೆಬ್ರವರಿಯಲ್ಲಿ ಇವರಿಬ್ಬರೂ ಮುಂಬಯಿಗೆ ಬಂದಿಳಿದರು. 1882ರ ಡಿಸೆಂಬರಿನಲ್ಲಿ ಮದರಾಸಿನ ಅಡ್ಯಾರಿನಲ್ಲಿ ನೆಲೆಯೂರಿದರು. ಲೋಕವ್ಯಾಪಿಯಾದ ಸಮಾಜದ ಕೇಂದ್ರವು ಇಂದಿಗೂ ಅಡ್ಯಾರಿನಲ್ಲಿಯೇ ಇದೆ. ಅದರ ಭಾರತ ಶಾಖೆಯ ಕೇಂದ್ರವು ವಾರಾಣಸಿಯಲ್ಲಿದೆ. ನಮ್ಮ ಬೆಂಗಳೂರಿನಲ್ಲಿಯೂ ಅದರ ಲಾಡ್ಜುಗಳು, ಎಂದರೆ ಉಪಶಾಖೆಗಳು, ಏರ್ಪಟ್ಟುವು.

ಧ್ಯೇಯಗಳು

ಸಮಾಜದ ಧ್ಯೇಯಗಳು ಮೂರು. ಕುಲ, ಮತ, ಲಿಂಗ, ಜಾತಿ, ವರ್ಣಗಳ ಭೇದವಿಲ್ಲದೆ ಮಾನವರೆಲ್ಲರ ಸೋದರಭಾವಕ್ಕೆ ಒಂದು ಬೀಜಕೇಂದ್ರವನ್ನು ನಿರ್ಮಿಸುವುದು ಮೊದಲನೆಯದು. ಮತ, ತತ್ತ್ವ, ವಿಜ್ಞಾನಗಳನ್ನು ತುಲನೆ ಮಾಡಿ ಅಭ್ಯಸಿಸಲು ಪ್ರೋತ್ಸಾಹಿಸುವುದು ಎರಡನೆಯದು. ಪ್ರಕೃತಿಯ ಅಜ್ಞಾತನಿಯಮಗಳನ್ನೂ ಮನುಷ್ಯನಲ್ಲಿ ಸುಪ್ತವಾಗಿರುವ ಶಕ್ತಿಗಳನ್ನೂ ಶೋಧಿಸುವುದು ಮೂರನೆಯದು. ಸತ್ಯಕ್ಕಿಂತ ಮೇಲಾದ ಧರ್ಮವಿಲ್ಲವೆಂಬುದು ಅದರ ಧ್ಯೇಯವಾಕ್ಯ. ಸದಸ್ಯನಾಗುವವನು ಮೊದಲನೆಯ ಧ್ಯೇಯಕ್ಕೆ ಸಮ್ಮತಿಸಿದರೆ ಸಾಕು. ಇಂಥ ದೇವರನ್ನು ನಂಬಬೇಕೆಂಬ ಕಟ್ಟಿಲ್ಲ, ಇಂಥ ಮತವನ್ನು ಬಿಡಬೇಕೆಂಬ ಕಟ್ಟಿಲ್ಲ.

ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಏಕೆಂದರೆ ಸಮಾಜದ ಚರಿತ್ರೆಯೆಲ್ಲವೂ ಮೊದಲನೆಯ ಮತ್ತು ಮೂರನೆಯ ಧ್ಯೇಯಗಳ ನಡುವಣ ಎಳೆದಾಟವೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ. ಸೋದರಭಾವದ ಸೇವೆಗೆ ನಿಂತಾಗ ಅದು ದೇಶಕ್ಕೆ ಉಪಕರಿಸಿತು. ಅದ್ಭುತಗಳ ಬೆನ್ನು ಹತ್ತಿದಾಗ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಪವಾಡದ ಪರೀಕ್ಷೆ

ಅಡ್ಯಾರಿನ ಮನೆಯಲ್ಲಿ ಒಂದು ಪೆಟ್ಟಿಗೆಯಂಥ ಮಂದಿರವಿದ್ದಿತು. ಹಿಮಾಲಯದಾಚೆಯ ಮಹಾತ್ಮರ ಪತ್ರಗಳು ಅದರಲ್ಲಿ ಅಲೌಕಿಕ ರೀತಿಯಿಂದ ಬಂದು ಬೀಳುತ್ತವೆಂದು ಹೇಳಲಾಗುತ್ತಿದ್ದಿತು. ಆ ಮನೆಯಲ್ಲಿ ಕೆಲಸಕ್ಕಿದ್ದ ಕೂಲಂಬ್ ದಂಪತಿಗಳು ಮುನಿಸಿಕೊಂಡು ಹೊರಬಿದ್ದರು. ಬ್ಲಾವಟ್‌ಸ್ಕಿಯವರೇ ಬರೆದುದೆಂದು ಅವರು ಒಪ್ಪಿಸಿದ ಪತ್ರಗಳನ್ನು ಮದರಾಸಿನ ಕ್ರೈಸ್ತ ಕಾಲೇಜಿನ ಮಾಸಪತ್ರಿಕೆಯು 1884ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಪವಾಡಗಳೆಲ್ಲ ಕೈಚಳಕವೆಂಬುದು ಆಪಾದನೆ. ಲಂಡನ್ನಿನ ಮಾನಸಿಕ ಸಂಶೋಧನಾ ಸಂಘವು ರಿಚರ್ಡ್ ಹಾಡ್ಜ್‌ಸನ್ ಎಂಬವರನ್ನು ವಿಚಾರಣೆಗೆ ಕಳುಹಿಸಿತು. 1885ರ ಡಿಸೆಂಬರಿನಲ್ಲಿ ಹೊರಬಂದ ಅವರ ವರದಿಯು ಬ್ಲಾವಟ್‌ಸ್ಕಿಯವರನ್ನು ವಂಚಕಿಯೆಂದೇ ತೀರ್ಮಾನಿಸಿತು.

ಇದಕ್ಕೆ ಇನ್ನೊಂದು ಪಕ್ಷವೂ ಉಂಟು. ಅದನ್ನು ಹೇಳದಿದ್ದರೆ ನ್ಯಾಯವಾಗದು. 1986ರಲ್ಲಿ ಅದೇ ಸಂಶೋಧನಾ ಸಂಘದ ಪತ್ರಿಕೆಯಲ್ಲಿ, ಲಿಪಿಪರೀಕ್ಷೆಯಲ್ಲಿ ನುರಿತ ವರ್ನನ್ ಹ್ಯಾರಿಸನ್ ಎಂಬವರು ಹಾಡ್ಜ್‌ಸನ್ನರ ವರದಿಯು ಪಕ್ಷಪಾತದಿಂದ ಕೂಡಿದುದೆಂದು ಟೀಕಿಸಿದರು. ಆದರೆ ನಮ್ಮ ಗಮನವನ್ನು ಸೆಳೆಯುವುದು ಬೇರೊಂದು ಸಂಗತಿ. ಆಪಾದನೆ ಬಂದಾಗ ಮಾನನಷ್ಟದ ದಾವೆ ಹೂಡಬೇಕೆಂದು ಬ್ಲಾವಟ್‌ಸ್ಕಿಯವರು ಹಾತೊರೆದರು. ಬೇಡವೆಂದು ತಡೆದವರು ಸಮಾಜದವರೇ. ಮಹಾತ್ಮರ ವಿಷಯವನ್ನು ಕೋರ್ಟಿನಲ್ಲಿ ಪಾಟೀಸವಾಲಿಗೆ ಒಡ್ಡುವುದು ಅವರಿಗೆ ಸಹ್ಯವಾಗಲಿಲ್ಲ. 1885ರ ಮಾರ್ಚಿನಲ್ಲಿ ಭಾರತವನ್ನು ಬಿಟ್ಟ ಆಕೆಯು ಮತ್ತೆ ಇಲ್ಲಿಗೆ ಬರಲಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಪ್ರಶ್ನೆಗೆ ನಿಲ್ಲಲಾರದುದನ್ನು ಆಧಾರವಾಗಿಟ್ಟುಕೊಂಡ ಕಟ್ಟಡವು ಗಾಳಿ ಬಂದಾಗ ಅಲುಗಾಡಿತು. ಅದೇ ಕಾಲದಲ್ಲಿ ಆಲ್ಕಾಟರು ಕೈಗೊಂಡ ಕೆಲಸವೋ ಅಲುಗಾಡಲಿಲ್ಲ. ಸಿಂಹಳದಲ್ಲಿ ಬೌದ್ಧಶಾಲೆಗಳು ಎದ್ದುವು. 1886ರಲ್ಲಿ ಅಡ್ಯಾರಿನ ಗ್ರಂಥಭಂಡಾರವು ಸ್ಥಾಪಿತವಾಯಿತು. 1894ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಉಚಿತ ಶಾಲೆಯು ತೆರೆಯಿತು. ಶಾಲೆಗೆ ಲಿಪಿಪರೀಕ್ಷಕನು ಬೇಕಿಲ್ಲ; ಅಕ್ಷರ ಕಲಿತ ಮಗುವೇ ಸಾಕ್ಷಿ.

ಬೆಸೆಂಟರು

1893ರಲ್ಲಿ ಭಾರತಕ್ಕೆ ಬಂದ ಆನಿ ಬೆಸೆಂಟರಿಂದ ಸಮಾಜದ ಇತಿಹಾಸವು ಬೇರೊಂದು ಹಾದಿಯನ್ನು ಹಿಡಿಯಿತು. ಆಕೆಯ ಪೂರ್ವಚರಿತ್ರೆಯೇ ಅಸಾಧಾರಣವಾದುದು. ಪಾದ್ರಿಯೊಬ್ಬರ ಹೆಂಡತಿಯಾಗಿದ್ದು ನಾಸ್ತಿಕಳಾದವರು. 1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರಕ್ಕೆ ಬೆಂಬಲವಾಗಿ ನಿಂತವರು. ನಾಸ್ತಿಕಳೆಂಬ ಕಾರಣವನ್ನೂ ಮುಂದೊಡ್ಡಿ ಇಂಗ್ಲೆಂಡಿನ ನ್ಯಾಯಾಲಯವು 1878ರಲ್ಲಿ ಆಕೆಯ ಮಗಳನ್ನು ಆಕೆಯಿಂದ ಕಸಿದು ತಂದೆಗೆ ಕೊಟ್ಟಿತ್ತು. 1898ರಲ್ಲಿ ಆಕೆ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ತೆರೆದರು. ಮುಂದೆ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಅದೇ ಬೀಜವಾಯಿತು. 1907ರಲ್ಲಿ ಆಲ್ಕಾಟರು ಕಾಲವಾದ ಮೇಲೆ ಸಮಾಜದ ಅಧ್ಯಕ್ಷಪದವಿಯು ಆಕೆಗೆ ಬಂದಿತು. 1933ರಲ್ಲಿ ಕಣ್ಣುಮುಚ್ಚುವವರೆಗೂ ಆಕೆಯೇ ಅಧ್ಯಕ್ಷರಾಗಿದ್ದರು.

ಮತ್ತೆ ಅದ್ಭುತದ ಆಸೆ ತಲೆಯೆತ್ತಿತು. 1909ರಲ್ಲಿ ಅಡ್ಯಾರಿನ ಕಡಲ ದಂಡೆಯಲ್ಲಿ ಕಂಡ ಕೃಷ್ಣಮೂರ್ತಿಯೆಂಬ ಹದಿನಾಲ್ಕು ವರ್ಷದ ಬಾಲಕನಲ್ಲಿ ಸಮಾಜದ ಹಿರಿಯರು ಬರಲಿರುವ ಜಗದ್ಗುರುವಿನ ಲಕ್ಷಣವನ್ನು ಗುರುತಿಸಿದರು. ತಂದೆ ನಾರಾಯಣಯ್ಯನವರು ತಮ್ಮ ಇಬ್ಬರು ಹುಡುಗರನ್ನೂ ಬೆಸೆಂಟರ ಪಾಲನೆಗೆ ಒಪ್ಪಿಸಿದರು; ಬಳಿಕ ಮನಸ್ಸು ಮುರಿದು, ಮಕ್ಕಳನ್ನು ಹಿಂತಿರುಗಿಸಬೇಕೆಂದು 1912ರಲ್ಲಿ ಮೊಕದ್ದಮೆ ಹೂಡಿದರು. ಬೆಸೆಂಟರು ತಮ್ಮ ಪಕ್ಷವನ್ನು ತಾವೇ ವಾದಿಸಿದರು. 1913ರಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಬೇಕ್‌ವೆಲ್ಲರು ತಂದೆಯ ಪರವಾಗಿ ತೀರ್ಪಿತ್ತರು. 1914ರಲ್ಲಿ ಪ್ರಿವಿ ಕೌನ್ಸಿಲು ಆ ತೀರ್ಪನ್ನು ತೊಡೆದುಹಾಕಿತು: ಇಂಗ್ಲೆಂಡಿನಲ್ಲಿ ವಾಸವಾಗಿರುವ ಹುಡುಗರನ್ನು ಕುರಿತು, ಅವರ ಇಷ್ಟವನ್ನೇ ಕೇಳದೆ, ಹೀಗೆ ಆಜ್ಞೆ ಮಾಡಲಾಗದೆಂಬುದು ಅದರ ಸಾರ. ಕಾಯಿದೆಯ ದೃಷ್ಟಿಯಿಂದ ಬೆಸೆಂಟರು ಗೆದ್ದರು. ಆದರೆ ಒಂದು ಕಾಲಕ್ಕೆ ಮಗುವನ್ನು ಕಳೆದುಕೊಂಡು ಅತ್ತ ತಾಯಿಯೇ, ಇನ್ನೊಬ್ಬ ತಂದೆಯ ಎದುರು ಪ್ರತಿವಾದಿಯಾಗಿ ನಿಲ್ಲಬೇಕಾಗಿ ಬಂದುದು ಏತರಿಂದ? ಕಾಣದ ಗುರುವಿನ ಮೇಲಣ ನಂಬಿಕೆಯು ಕಣ್ಣೆದುರಿನ ತಂದೆಯ ಅಳಲಿಗಿಂತ ದೊಡ್ಡದೆಂದು ತೋರಿದುದರಿಂದ.

ಇದೇ ಮೊಕದ್ದಮೆಯಲ್ಲಿ ತಂದೆಯ ಪರವಾಗಿ ವಾದಿಸಿದ ಸಿ. ಪಿ. ರಾಮಸ್ವಾಮಿ ಅಯ್ಯರ್‌ರವರು ಕೆಲವೇ ವರ್ಷಗಳಲ್ಲಿ ಬೆಸೆಂಟರ ಹೋಂ ರೂಲ್ ಚಳವಳಿಯಲ್ಲಿ ಆಕೆಯ ಬಲಗೈಯಾದರು. ಕೋರ್ಟಿನಲ್ಲಿ ಎದುರಾಳಿಯಾದವನನ್ನೂ ದೇಶದ ಕೆಲಸದಲ್ಲಿ ಜೊತೆಗಾರನನ್ನಾಗಿ ಮಾಡಿಕೊಳ್ಳುವ ಗುಣವು ಸಾಮಾನ್ಯವಾದುದಲ್ಲ.

1916ರ ಸೆಪ್ಟೆಂಬರಿನಲ್ಲಿ ಆಕೆಯ ಹೋಂ ರೂಲ್ ಲೀಗು ಸ್ಥಾಪಿತವಾಯಿತು. ಸಮಾಜದ ಶಾಖೆಗಳು ಊರೂರಿನಲ್ಲಿ ಇದ್ದುದರಿಂದ ಲೀಗಿಗೆ ಸಿದ್ಧಪಡಿಸಿದ ಹೊಲವೇ ದೊರೆಯಿತು. 1917ರ ಜೂನಿನಲ್ಲಿ ಸರಕಾರವು ಬೆಸೆಂಟರನ್ನೂ, ಜಾರ್ಜ್ ಅರುಂಡೇಲ್, ಬಿ. ಪಿ. ವಾಡಿಯಾ ಎಂಬ ಅವರ ಇಬ್ಬರು ಸಹಾಯಕರನ್ನೂ ನಿರ್ಬಂಧದಲ್ಲಿಟ್ಟಿತು. ದೇಶವೆಲ್ಲ ಪ್ರತಿಭಟಿಸಿತು, ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು, ಡಿಸೆಂಬರಿನಲ್ಲಿ ಆಕೆ ಕಲಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದರು. ಗಾಂಧೀಜಿಯ ಅಸಹಕಾರವನ್ನು ಆಕೆ ಒಪ್ಪದೆ ಹಿಂದುಳಿದುದು ನಿಜ. ಆದರೂ ನಿದ್ರಿಸುತ್ತಿದ್ದ ದಕ್ಷಿಣವನ್ನು ಎಬ್ಬಿಸಿದವರಲ್ಲಿ ಆಕೆಯೊಬ್ಬರೆಂಬುದನ್ನು ಅಲ್ಲಗಳೆಯಲಾಗದು.

ಕನ್ನಡನಾಡಿಗೆ ಬಂದ ಫಲ

ಇನ್ನು ನಮ್ಮ ನಾಡಿಗೆ ಸಂದುದೇನು? ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದುದು. ಅದೇ ಕಾಲದಲ್ಲಿ ಮಂಗಳೂರಿನಲ್ಲಿಯೂ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯೊಂದು ತೆರೆಯಿತು. ಐರ್ಲೆಂಡಿನಲ್ಲಿ ಸ್ತ್ರೀಯರ ಮತದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡು ಬಂದ ಮಾರ್ಗರೆಟ್ ಕಸಿನ್ಸರು 1919–20ರಲ್ಲಿ ಅದರ ಮೊದಲ ಮುಖ್ಯಾಧ್ಯಾಪಕಿಯಾಗಿದ್ದರು. ನಿರ್ಬಂಧ ಕಂಡ ವಾಡಿಯಾರವರು 1918ರಲ್ಲಿ ಮದರಾಸಿನ ಗಿರಣಿಕಾರ್ಮಿಕರ ಸಂಘವನ್ನು ಕಟ್ಟಿದರು. 1922ರಲ್ಲಿ ಸಮಾಜವು ಮೂಲೋಪದೇಶದಿಂದ ದೂರ ಸರಿಯಿತೆಂದು ಅದನ್ನು ತ್ಯಜಿಸಿದರು. ಕೊನೆಗೆ ಬೆಂಗಳೂರಿನಲ್ಲಿ ನೆಲಸಿ 1945ರಲ್ಲಿ ಬಸವನಗುಡಿಯಲ್ಲಿ ವಿಶ್ವಸಂಸ್ಕೃತಿಯ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಪುಸ್ತಕಭಂಡಾರದಲ್ಲಿ ಓದಿ ಬೆಳೆದವರೆಷ್ಟೋ ಮಂದಿ.

ಎಲ್ಲಕ್ಕಿಂತ ದೊಡ್ಡ ಕಾಣಿಕೆಯು ಒಂದು ಬುದ್ಧಿಮಾತಿನ ರೂಪದಲ್ಲಿ ಬಂದಿತು. ಮಾರ್ಗರೆಟರ ಪತಿ ಜೇಮ್ಸ್ ಕಸಿನ್ಸರು ಕವಿಗಳು. 1915ರಲ್ಲಿ ಬೆಸೆಂಟರ ಕರೆಯಂತೆ ಭಾರತಕ್ಕೆ ಬಂದು ಸಮಾಜದ ಕೆಲಸದಲ್ಲಿ ತೊಡಗಿದವರು. 1924ರಲ್ಲಿ ಅವರು ಮೈಸೂರಿಗೆ ಬಂದಾಗ, ಮಲೆನಾಡಿನಿಂದ ಓದಲು ಬಂದಿದ್ದ ಒಬ್ಬ ಯುವಕನು ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದನು. ನಿನ್ನ ತಾಯ್ನುಡಿಯಲ್ಲಿ ಏಕೆ ಬರೆಯಬಾರದೆಂದು ಆ ಐರಿಷ್ ಕವಿಯು ಕೇಳಿದನು. ಆ ಯುವಕನೇ ನಮ್ಮ ಕುವೆಂಪು. ಇಂಗ್ಲಿಷರ ಆಳ್ವಿಕೆಯಲ್ಲಿ ತನ್ನ ನುಡಿ ಸೊರಗಿದುದನ್ನು ಕಂಡ ನಾಡಿನವನಿಗೆ ತಾಯ್ನುಡಿಯ ಬೆಲೆ ತಿಳಿದಿತ್ತು. ಸಮಾಜದ ಯಾವ ಮಹಾತ್ಮನ ಪತ್ರವೂ ಕನ್ನಡಕ್ಕೆ ಮಾಡದ ಉಪಕಾರವನ್ನು ಆ ಒಂದು ಪ್ರಶ್ನೆಯು ಮಾಡಿತು.

ಆದರೆ ಸಮಾಜವು ತಾನೇ ಆ ಬುದ್ಧಿಮಾತನ್ನು ಪಾಲಿಸಲಿಲ್ಲವೆಂದು ಖೇದದಿಂದ ಹೇಳಬೇಕಾಗಿದೆ. ಅದರ ಮುಖ್ಯ ವ್ಯವಹಾರವು ಇಂಗ್ಲಿಷಿನಲ್ಲಿ. ಅದನ್ನು ಸೇರಿದವರು ಬಹುಮಟ್ಟಿಗೆ ವಕೀಲರು, ಅಧಿಕಾರಿಗಳು, ಉಪಾಧ್ಯಾಯರು. 1917ರಲ್ಲಿ ಆಂಧ್ರಕ್ಕೆ ಭಾಷೆಯ ಆಧಾರದ ಮೇಲೆ ಪ್ರತ್ಯೇಕ ಕಾಂಗ್ರೆಸ್ ಪ್ರಾಂತ ಬೇಕೆಂಬ ಪ್ರಶ್ನೆ ಎದ್ದಾಗ ಅಧ್ಯಕ್ಷರಾಗಿದ್ದ ಬೆಸೆಂಟರು ಅದನ್ನು ವಿರೋಧಿಸಿದರು. ಲೋಕಮಾನ್ಯ ತಿಲಕರು ಅದರ ಮರ್ಮವನ್ನು ಅರಿತರು. 1920ರ ನಾಗಪುರದ ಕಾಂಗ್ರೆಸ್ಸು ಭಾಷಾಪ್ರಾಂತಗಳನ್ನು ಒಪ್ಪಿಕೊಂಡಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ವಿಶ್ವದ ಸೋದರಭಾವವನ್ನು ಬಯಸುವವರು ನೆರೆಮನೆಯವನ ನುಡಿಯನ್ನು ಮರೆಯಬಾರದು.

ನಮ್ಮ ನಾಡಿನಲ್ಲಿ ಇದಕ್ಕೆ ಬೇರೊಂದು ಮೇಲ್ಪಂಕ್ತಿಯಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗನೂ ಮಡಿವಾಳನೂ ಮಾದಾರನೂ ಕುಳಿತು ಆತ್ಮವಿಚಾರ ಮಾಡಿದರೆಂದು ಪರಂಪರೆ ಹೇಳುತ್ತದೆ. ಅವರ ವಚನಗಳಂತೂ ಕನ್ನಡದಲ್ಲಿಯೇ ನಮ್ಮ ಕೈಯಲ್ಲಿವೆ. ಲಾಡ್ಜುಗಳಲ್ಲಿ ಇಂಗ್ಲಿಷ್ ಗ್ರಂಥಗಳ ಪಾರಾಯಣ ನಡೆಯುತ್ತಿದ್ದ ಕಾಲದಲ್ಲಿಯೇ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಬಸವೇಶ್ವರನ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಬಾಳುವವರು ಇದನ್ನು ನೆನೆಯಬೇಕು. ಬಸವಣ್ಣನವರ ಪಂಥದಲ್ಲಿ ನಡೆಯೇ ನುಡಿಗೆ ಒರೆಗಲ್ಲು.

ಎರಡು ತೀರ್ಪುಗಳು

ಸಮಾಜದ ಮೇಲೆ ಕಾಲವು ಎರಡು ತೀರ್ಪುಗಳನ್ನು ಕೊಟ್ಟಿತು. ಎರಡನ್ನೂ ಕೊಟ್ಟವರು ಅದರ ನೆರಳಿನಲ್ಲಿಯೇ ಬೆಳೆದವರು. ಜಗದ್ಗುರುವೆಂದು ಸಾಕಲ್ಪಟ್ಟ ಕೃಷ್ಣಮೂರ್ತಿಯವರು 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್ ಎಂಬಲ್ಲಿ, ಬೆಸೆಂಟರೂ ಸಾವಿರಾರು ಅನುಯಾಯಿಗಳೂ ಕುಳಿತಿದ್ದಂತೆಯೇ, ತಮಗಾಗಿ ಸ್ಥಾಪಿತವಾಗಿದ್ದ ನಕ್ಷತ್ರ ಸಂಘವನ್ನು ವಿಸರ್ಜಿಸಿದರು. ಸತ್ಯವನ್ನು ಯಾವ ಸಂಘವೂ ಕಟ್ಟಿಹಾಕಲಾರದೆಂಬುದು ಅವರ ಮಾತಿನ ಭಾವ. ಸಂಘಕ್ಕೆ ಬಂದಿದ್ದ ಆಸ್ತಿಗಳನ್ನು ಕೊಟ್ಟವರಿಗೆ ಹಿಂದಿರುಗಿಸಿದರು. ಇಂಥ ತ್ಯಾಗವು ಚರಿತ್ರೆಯಲ್ಲಿ ವಿರಳ.

ಎರಡನೆಯ ತೀರ್ಪು ನಮ್ಮ ಊರಿನದು. ಬೆಸೆಂಟರ ಪ್ರೇರಣೆಯ ಆ ನ್ಯಾಷನಲ್ ಹೈಸ್ಕೂಲಿನಲ್ಲಿ ಗೌರಿಬಿದನೂರು ಸೀಮೆಯ ಬಡ ಹುಡುಗನೊಬ್ಬನು ಓದಿದನು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಿಸಿದವನು ಆತನೇ. 1942ರ ಚಳವಳಿಯಲ್ಲಿ ಆತನು ಸೆರೆಮನೆಗೆ ಹೋದನು. ಆತನೇ ಮುಂದೆ ಡಾಕ್ಟರ್ ಎಚ್. ನರಸಿಂಹಯ್ಯನವರಾಗಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಪವಾಡವನ್ನು ಪ್ರಶ್ನಿಸಲಂಜಿದ ಸಮಾಜದ ಪ್ರೇರಣೆಯಿಂದಲೇ ಪವಾಡವನ್ನು ಪ್ರಶ್ನಿಸುವವರನ್ನು ಬೆಳೆಸುವ ಶಾಲೆ ಎದ್ದಿತು. ಅದರ ಮೊದಲನೆಯ ಧ್ಯೇಯವು ಮೂರನೆಯದನ್ನು ತಿದ್ದಿತೆಂದು ನಾವು ಹೇಳುವುದು ಇದಕ್ಕಾಗಿಯೇ.

ನಮ್ಮ ಕರ್ತವ್ಯ

ಸೋದರ ಸೋದರಿಯರೇ, ಶ್ರದ್ಧೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಮೃತ್ಯುವಿನ ಆಚೆ ಏನಿದೆಯೆಂಬುದು ನಚಿಕೇತನ ಕಾಲದಿಂದ ಬಂದ ಪ್ರಶ್ನೆ. ಕೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ಆ ಉತ್ತರವನ್ನು ಮಾರುವೆವೆಂದು ಬಾಗಿಲಿಗೆ ಬಂದವರನ್ನು ನಾಲ್ಕು ಮಾತು ಕೇಳಿರಿ.

ಒಂದು: ಇಲ್ಲಿ ಪ್ರಶ್ನಿಸುವವನಿಗೆ ಸ್ಥಳವುಂಟೇ, ಅಥವಾ ಅವನು ಪಾಪಿಯೇ? ಎರಡು: ಲೆಕ್ಕಪತ್ರಗಳು ತೆರೆದಿವೆಯೇ? ಬ್ರಹ್ಮವಿದ್ಯಾ ಸಮಾಜವು 1905ರ ಏಪ್ರಿಲ್ 3ರಂದು ಮದರಾಸಿನಲ್ಲಿ ಕಾಯಿದೆಯ ಮೇರೆಗೆ ನೋಂದಾಯಿಸಿಕೊಂಡಿತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿತ ಸಂಘವು ವರುಷ ವರುಷವೂ ಕಾರ್ಯಕಾರಿಗಳ ಪಟ್ಟಿಯನ್ನೂ ಲೆಕ್ಕವನ್ನೂ ಒಪ್ಪಿಸತಕ್ಕದ್ದು. ಪರಲೋಕದ ವಾರ್ತೆ ತರುವವನು ಇಹಲೋಕದ ಲೆಕ್ಕಕ್ಕೆ ಅಂಜಲೇಕೆ? ಮೂರು: ಬಂದವನು ಬಿಟ್ಟುಹೋಗಬಯಸಿದರೆ ಬಾಗಿಲು ತೆರೆದಿದೆಯೇ? ತಂದೆಯಿಂದ ಮಗುವನ್ನು, ಹೆಂಡತಿಯಿಂದ ಗಂಡನನ್ನು ಅಗಲಿಸುವ ಅಧ್ಯಾತ್ಮವು ಎಷ್ಟು ಎತ್ತರದ್ದಾದರೂ ನಮಗೆ ಬೇಡ. ನಾಲ್ಕು: ಅದು ಹೋದಮೇಲೆ ಉಳಿಯುವುದೇನು? ಶಾಲೆಯೇ, ಪುಸ್ತಕಭಂಡಾರವೇ, ತಾಯ್ನುಡಿಯಲ್ಲಿ ಬರೆಯೆಂಬ ಒಂದು ಮಾತೇ? ಅಥವಾ ಬರಿಯ ಬೂದಿಯೇ?

ದುಃಖಿತರನ್ನು ಅಂಜಿಸಿ ಸುಲಿಯುವ ಕೆಲವು ಕೃತ್ಯಗಳಿಗೆ ಈಗ ಶಿಕ್ಷೆಯುಂಟು. ಮಾಟಮಂತ್ರವೇ ಮೊದಲಾದ ಅಮಾನವೀಯ ಪದ್ಧತಿಗಳನ್ನು ತಡೆಯುವ ಕರ್ನಾಟಕದ 2017ರ ಅಧಿನಿಯಮವು 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಕಾಯಿದೆಯು ಕಟ್ಟಕಡೆಯ ಬೇಲಿ. ಮಗನನ್ನು ಕಳೆದುಕೊಂಡ ತಾಯಿಯ ಬಳಿಗೆ ನೆರೆಯವರು ಮೊದಲು ಹೋದರೆ ಪ್ರೇತಸಂವಾದಿಯು ಆ ಮನೆಯ ಬಾಗಿಲಿಗೆ ಬರಲಾರನು. ನಾವು ಹೋಗದಿದ್ದರೆ ಅವನು ಬಂದೇ ಬರುವನು. ಬ್ರಹ್ಮವಿದ್ಯಾ ಸಮಾಜದ ಮೊದಲನೆಯ ಧ್ಯೇಯವಾದ ಸೋದರಭಾವಕ್ಕೆ ಇದಕ್ಕಿಂತ ಸರಳವಾದ ಅರ್ಥವಿಲ್ಲ. ಅದನ್ನು ಈ ಬಡಾವಣೆಯಲ್ಲಿ, ನಮ್ಮ ಕನ್ನಡದಲ್ಲಿ, ಮನೆಯಿಂದ ಮನೆಗೆ ಆಚರಿಸಿ ತೋರಿಸುವ ಹೊಣೆಯು ನಮ್ಮೆಲ್ಲರದು.